ಪಾಚಿಯ ಒಳಗೆ ನೋಡಲು ಒಂದು ಕಾಗದದ ಸೂಕ್ಷ್ಮದರ್ಶಕ: ಫೋಲ್ಡ್‌ಸ್ಕೋಪ್ ಜೊತೆ ಎರಡು ವರ್ಷ

ಮಾರ್ಚ್ ಬಂತೆಂದರೆ ನಮ್ಮ ತೋಟದ ಸಿಮೆಂಟ್ ತೊಟ್ಟಿಯಲ್ಲಿ ಪಾಚಿ ಕಟ್ಟುತ್ತದೆ. ಹಸಿರು ಕೂದಲಿನ ಹಾಗೆ ಉದ್ದುದ್ದ ಎಳೆ. ಕೈಯಲ್ಲಿ ಹಿಡಿದರೆ ಲೋಳೆ, ಜಾರುತ್ತದೆ. ಅಪ್ಪಯ್ಯ ಅದನ್ನು ಕೋಲಿಗೆ ಸುತ್ತಿ ಎತ್ತಿ ಅಡಿಕೆ ಬುಡಕ್ಕೆ ಹಾಕುತ್ತಾರೆ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ನಾನು ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಇಟ್ಟು 19 ವರ್ಷ ಆಯಿತು. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ ನನ್ನ ಕೆಲಸ. ಬಿಡುವಾದಾಗ ಕ್ಯಾಮೆರಾ ಹಿಡಿದು ಕಪ್ಪೆ, ಜೇಡ, ಅಣಬೆ ಹುಡುಕುತ್ತಾ ಹೋಗುತ್ತೇನೆ. ಆ ತೊಟ್ಟಿಯ ಪಾಚಿಯದ್ದೊಂದು ಒಳ್ಳೆಯ ಫೋಟೋ ತೆಗೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ಮದುವೆಯಲ್ಲಿ ಉಂಗುರ, ತಾಳಿ, ಮೆಹಂದಿ ತೆಗೆಯಲು ಇಟ್ಟುಕೊಂಡ ಮ್ಯಾಕ್ರೋ ಲೆನ್ಸ್ ಹಾಕಿ ನೋಡಿದೆ. ಹಸಿರು ದಾರದ ಉಂಡೆ ಬಂತು, ಅಷ್ಟೇ. ಯಾಕೆ ಹೀಗೆ ಅಂತ ಕೂತು ಲೆಕ್ಕ ಹಾಕಿದೆ. ನನ್ನ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ. ಅದರಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ ಅಂದರೆ 6 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಪಾಚಿಯ ಎಳೆಯ ದಪ್ಪ ಸುಮಾರು 50 ಮೈಕ್ರಾನ್. ಲೆನ್ಸು ಇದ್ದದ್ದನ್ನು ಇದ್ದಷ್ಟೇ ಗಾತ್ರದಲ್ಲಿ ತೋರಿಸಿದರೂ ಒಂದು ಎಳೆಗೆ ಸಿಗುವುದು ಎಂಟು ಪಿಕ್ಸೆಲ್. ಎಂಟು ಚುಕ್ಕಿಯೊಳಗೆ ಏನು ತಾನೇ ಕಂಡೀತು? ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ತರಿಸಿದೆ. ಎಳೆ ದಪ್ಪವಾಯಿತು, ಒಳಗಿನದು ಕಾಣಲಿಲ್ಲ. ಮಕ್ಕಳಿಗೆ ಅಂತ ಮಾರುವ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೊಂದನ್ನೂ ಕೊಂಡೆ. ಹೆಸರು ಬೇಡ. ಮುಟ್ಟಿದರೆ ಅಲ್ಲಾಡುತ್ತಿತ್ತು, ಎಲ್ಲದರ ಸುತ್ತ ಕಾಮನಬಿಲ್ಲು.

ಆಮೇಲೆ ತರಿಸಿದ್ದು ಫೋಲ್ಡ್‌ಸ್ಕೋಪ್. ಇದನ್ನು ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್ಸ್ಕಿ. ಮನು ಪ್ರಕಾಶ್ ಹುಟ್ಟಿದ್ದು ಮೀರತ್‌ನಲ್ಲಿ, ಓದಿದ್ದು ಕಾನ್ಪುರದ ಐಐಟಿಯಲ್ಲಿ. 2014ರಲ್ಲಿ ಇವರ ಪ್ರಬಂಧ ಬಂದಾಗ ಅದರಲ್ಲಿದ್ದ ಮುಖ್ಯ ಮಾತು ಇದು: ಕಚ್ಚಾ ಸಾಮಾನಿಗೆ ಒಂದು ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ, ಹಾಳೆ ಮಡಚಿ ಸೂಕ್ಷ್ಮದರ್ಶಕ ಮಾಡಬಹುದು. ನಮ್ಮ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಶಾಲೆ ಕಾಲೇಜುಗಳಿಗೆ ಇದನ್ನು ತಲುಪಿಸುವ ಕೆಲಸ ಮಾಡಿತ್ತು. ನಾನು ಕೊಂಡದ್ದು ಆನ್‌ಲೈನಿನಲ್ಲಿ, ಸ್ವಂತ ದುಡ್ಡಿಗೆ. ಕಿಟ್‌ನಲ್ಲಿ ಏನೇನು ಇದೆ ಅನ್ನುವುದರ ಮೇಲೆ ಬೆಲೆ ಬೇರೆ ಬೇರೆ ಇರುತ್ತದೆ. ಏನೇ ಆದರೂ ನನ್ನ ಮ್ಯಾಕ್ರೋ ಲೆನ್ಸಿನ ಬೆಲೆಯ ಪಕ್ಕ ಇಟ್ಟರೆ ಅದು ಲೆಕ್ಕಕ್ಕೇ ಇಲ್ಲ. ಮಾರಿದವರು ಪೆಟ್ಟಿಗೆಯಲ್ಲಿ ಹಾಕಬೇಕಿದ್ದ ಕವರ್‌ಸ್ಲಿಪ್ (ನೋಡುವ ವಸ್ತುವಿನ ಮೇಲೆ ಮುಚ್ಚುವ ತೆಳು ಬಿಲ್ಲೆ) ಹಾಕಿರಲಿಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ ಬಂತು. ಪಾರ್ಸೆಲ್ ಬಂದ ಕೂಡಲೇ ಎಣಿಸಿ ನೋಡಿಕೊಳ್ಳಿ.

ಬಂದದ್ದು ಚಪ್ಪಟೆ ಹಾಳೆ. ತುಂಡುಗಳನ್ನು ಬಿಡಿಸಿ, ಗೆರೆ ಇದ್ದ ಕಡೆ ಮಡಚಿ, ಒಂದರೊಳಗೊಂದು ತೂರಿಸಬೇಕು. ಹಾಳೆ ಅಂದರೂ ನೀರಿಗೆ ನೆನೆಯುವಂಥದ್ದಲ್ಲ. ಎಂಟನೇ ಕ್ಲಾಸಿನ ಮಗಳು ನನ್ನ ಕೈಯಿಂದ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಮಡಚಿ ಮುಗಿಸಿದಳು. "ಅಪ್ಪಾ, ಇದರಲ್ಲಿ ಲೆನ್ಸ್ ಎಲ್ಲಿದೆ?" ಅಂದಳು. ದಪ್ಪ ಸಾಸಿವೆ ಕಾಳಿನಷ್ಟು ದೊಡ್ಡ ಗಾಜಿನ ಗುಂಡು, ಅದೇ ಲೆನ್ಸು. ಒಂದೇ ಒಂದು. ಅದು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 2 ಮೈಕ್ರಾನ್ ದೂರದಲ್ಲಿರುವ ಎರಡು ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕಣ್ಣಿಗೆ ಹಿಡಿದೂ ನೋಡಬಹುದು, ಪುಟ್ಟ ಅಯಸ್ಕಾಂತದ ಬಿಲ್ಲೆಯಿಂದ ಫೋನಿನ ಕ್ಯಾಮೆರಾಗೆ ಅಂಟಿಸಿಯೂ ನೋಡಬಹುದು.

ಅವತ್ತು ಸಂಜೆಯೇ ತೊಟ್ಟಿಯಿಂದ ಎರಡು ಎಳೆ ತಂದೆವು. ಗಾಜಿನ ಪಟ್ಟಿ ಮೇಲೆ ಒಂದು ಹನಿ ನೀರು, ಅದರ ಮೇಲೆ ಎಳೆ, ಮೇಲೊಂದು ಕವರ್‌ಸ್ಲಿಪ್. ಕಿಟಕಿ ಕಡೆ ಹಿಡಿದು ಹೆಬ್ಬೆರಳಿನಿಂದ ನಿಧಾನಕ್ಕೆ ಫೋಕಸ್ ತಂದೆ.

ಆಗ ಕಂಡದ್ದನ್ನು ಹೇಗೆ ಹೇಳಲಿ. ಗಾಜಿನ ಕೊಳವೆಗಳನ್ನು ತುದಿಗೆ ತುದಿ ಜೋಡಿಸಿದ ಹಾಗೆ ಒಂದು ಉದ್ದ ಸಾಲು. ಪ್ರತಿ ಕೊಳವೆಯೊಳಗೂ ಹಸಿರು ರಿಬ್ಬನ್ನು, ಬಳೆ ಅಂಗಡಿಯವರು ಸುತ್ತಿಟ್ಟ ಹಾಗೆ ಸುರುಳಿ ಸುರುಳಿ. ರಿಬ್ಬನ್ ಮೇಲೆ ಸಾಲಾಗಿ ಚುಕ್ಕಿ. ಸ್ಪೈರೋಗೈರಾ! ಪಿಯುಸಿಯಲ್ಲಿ ಇದರ ಚಿತ್ರ ಬರೆದು ಭಾಗ ಗುರುತಿಸಿ ಅಂಕ ತೆಗೆದುಕೊಂಡಿದ್ದೆ. ನಮ್ಮ ಮನೆ ತೊಟ್ಟಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇದ್ದದ್ದು ಅದೇ ಅಂತ ಯಾರೂ ಹೇಳಿರಲಿಲ್ಲ. ಅಪ್ಪಯ್ಯನನ್ನು ಕರೆದು ತೋರಿಸಿದೆ. ಬಹಳ ಹೊತ್ತು ಫೋನ್ ಕೆಳಗಿಡಲಿಲ್ಲ ಅವರು. "ಇಷ್ಟು ಚಂದ ಇರೋದನ್ನ ನಾವು ಬರೀ ಕೊಳೆ ಅಂತಿದ್ವಲ್ಲ ಮಾರಾಯ" ಅಂದರು.

1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಹತ್ತಿರದ ಕೆರೆಯ ನೀರು ತಂದು ನೋಡಿದ್ದ. ಹಾವಿನ ಹಾಗೆ ಸುತ್ತಿಕೊಂಡ ಹಸಿರು ಗೆರೆಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನ ಕೈಯಲ್ಲಿದ್ದದ್ದೂ ತಾನೇ ಮಾಡಿಕೊಂಡ ಒಂದೇ ಒಂದು ಪುಟ್ಟ ಲೆನ್ಸು. ಅವನು ಕಂಡದ್ದು ಸ್ಪೈರೋಗೈರಾವನ್ನೇ ಅಂತ ತಿಳಿದವರು ಹೇಳುತ್ತಾರೆ. ಆ ಪತ್ರಕ್ಕೆ 350 ವರ್ಷ ದಾಟಿತು. ನಮ್ಮ ಜಗಲಿಯಲ್ಲಿ ಕೂತು ಅದೇ ಥರದ ಉಪಕರಣದಲ್ಲಿ ಅದೇ ಪಾಚಿಯನ್ನು ನೋಡಿದೆವಲ್ಲ ಅನ್ನುವ ಖುಷಿ ನನಗಂತೂ ಇನ್ನೂ ಇಳಿದಿಲ್ಲ.

ಈಗ ಫೋಟೋ ವಿಚಾರ. ನನ್ನ ಕಸುಬು ಇದು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಗುಂಡು ಲೆನ್ಸಿನ ಸ್ವಭಾವವೇ ಹಾಗೆ, ನಡುವೆ ಚೂಪು, ಅಂಚಿನಲ್ಲಿ ಮಸುಕು. ಇದನ್ನು ತಪ್ಪಿಸಲು ಆಗುವುದಿಲ್ಲ. ನೋಡಬೇಕಾದ್ದನ್ನು ಸರಿಯಾಗಿ ನಡುವೆ ತನ್ನಿ, ಆಮೇಲೆ ಅಂಚು ಕತ್ತರಿಸಿ. ಬೆಳಕು ಚದುರಿದ ಬೆಳಕೇ ಆಗಿರಬೇಕು. ಮೋಡದ ದಿನದ ಆಕಾಶ, ಬಿಸಿಲು ಬಿದ್ದ ಬಿಳಿ ಗೋಡೆ, ಇವೆರಡೂ ನನಗೆ ಚೆನ್ನಾಗಿ ಒದಗಿವೆ. ಟಾರ್ಚ್ ಬಳಸುವುದಾದರೆ ಮುಂದೆ ಬಟರ್ ಪೇಪರ್ ತುಂಡು ಇಡಿ. ಸೂರ್ಯನ ಕಡೆ ಹಿಡಿದು ಕಣ್ಣಿಟ್ಟು ನೋಡಲೇಬೇಡಿ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಫೋನಿನಲ್ಲಿ ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ, ಬೆಳಕನ್ನು ಒಂದು ಮೆಟ್ಟಿಲು ಇಳಿಸಿ. ಬಟನ್ ಒತ್ತಿದರೆ ಅಲುಗುತ್ತದೆ, ಎರಡು ಸೆಕೆಂಡ್ ಟೈಮರ್ ಹಾಕಿ. ಎಳೆ ಉರುಟಾಗಿರುವುದರಿಂದ ಮೇಲಿನ ಸುರುಳಿ ಚೂಪಾದರೆ ಕೆಳಗಿನದು ಮಸುಕು. ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಎಂಟು ಹತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದೆ. ಸ್ಟುಡಿಯೋ ಗೋಡೆ ಮೇಲೆ ಈಗ ಇರುವುದು ಹಾಗೆ ಬಂದ ಚಿತ್ರ. 8 ಇಂಚಿಗೆ 10 ಇಂಚಿನ ಪ್ರಿಂಟ್ ಚೆನ್ನಾಗಿ ಬಂತು. 12ಕ್ಕೆ 18 ಹಾಕಿಸಿದಾಗ ಮೆತ್ತಗಾಯಿತು, ತೆಗೆದಿಟ್ಟೆ. ನೀರು ಜಾಸ್ತಿಯಾದರೆ ಕವರ್‌ಸ್ಲಿಪ್ ತೇಲಿ ಎಲ್ಲ ಹರಿದುಹೋಗುತ್ತದೆ. ಟಿಶ್ಯೂ ಪೇಪರ್ ಮೂಲೆಯನ್ನು ಅಂಚಿಗೆ ತಾಗಿಸಿ ಹೀರಿಸಿ.

ಪಾಚಿಗೂ ಫೋಟೋಗೂ ಹಳೆಯ ನಂಟಿದೆ, ಕಸುಬಿನವರಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ. 1843ರಲ್ಲಿ ಇಂಗ್ಲೆಂಡಿನ ಆನಾ ಅಟ್ಕಿನ್ಸ್ ಅನ್ನುವ ಮಹಿಳೆ ಮದ್ದು ಸವರಿದ ಕಾಗದದ ಮೇಲೆ ಕಡಲಪಾಚಿ ಹರಡಿ, ಬಿಸಿಲಿಗಿಟ್ಟು, ನೀರಿನಲ್ಲಿ ತೊಳೆದು ನೀಲಿ ಚಿತ್ರಗಳನ್ನು ಮಾಡಿದರು. ಅವನ್ನು ಸೇರಿಸಿ ಪುಸ್ತಕವಾಗಿ ಹಂಚತೊಡಗಿದರು. ಫೋಟೋಗಳಿರುವ ಮೊದಲ ಪುಸ್ತಕ ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ. ಅಂದರೆ ಪುಸ್ತಕದೊಳಗೆ ಮೊದಲು ಫೋಟೋ ಆಗಿ ಕೂತದ್ದು ರಾಜರಾಣಿಯರಲ್ಲ, ಪಾಚಿ.

ಎರಡು ವರ್ಷದಲ್ಲಿ ಏನೇನು ಕಂಡೆ ಅಂತ ಪೂರ್ತಿ ಬರೆದರೆ ಮುಗಿಯುವುದಿಲ್ಲ. ಮಳೆಗಾಲದ ಗದ್ದೆ ನೀರಿನಲ್ಲಿ ಕುಡುಗೋಲಿನ ಆಕಾರದ ಕ್ಲಾಸ್ಟೀರಿಯಂ ಅನ್ನುವ ಪಾಚಿ ಸಿಕ್ಕಿತು. ಒಮ್ಮೆ ವಾಲ್ವಾಕ್ಸ್ ಸಿಕ್ಕಿತು. ಹಸಿರು ಚುಕ್ಕಿಗಳ ಚೆಂಡು, ನೀರಿನಲ್ಲಿ ಉರುಳುತ್ತಾ ಹೋಗುತ್ತದೆ. ಅದರ ವಿಡಿಯೋ ನೋಡಿ ಮಗಳ ಕ್ಲಾಸಿನವರೆಲ್ಲ ನಮ್ಮನೆಗೆ ಬಂದಿದ್ದರು.

ನಮ್ಮ ಕೊಟ್ಟಿಗೆಯ ಹಿಂದಿನ ಗೋಡೆ ಮಳೆ ಬಿದ್ದ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ತುಕ್ಕು ಹಿಡಿದ ಹಾಗೆ. ಮಲೆನಾಡಿನವರು ಮರದ ಕಾಂಡದ ಮೇಲೂ ಇದನ್ನು ನೋಡಿರುತ್ತೀರಿ. ಕೆರೆದು ನೋಡಿದರೆ ಕಿತ್ತಳೆ ಬಣ್ಣದ ಕವಲು ಕವಲು ಎಳೆ. ಇದು ಟ್ರೆಂಟೆಪೋಲಿಯಾ. ವಿಜ್ಞಾನಿಗಳು ಇದನ್ನು ಸೇರಿಸಿರುವುದು ಹಸಿರು ಪಾಚಿಯ ಗುಂಪಿಗೇ! ಕ್ಯಾರೆಟ್ಟಿನಲ್ಲಿರುವ ಬಣ್ಣದ ಜಾತಿಯದೇ ಬಣ್ಣ ಇದರಲ್ಲಿ ತುಂಬಿರುವುದರಿಂದ ಹಸಿರು ಮುಚ್ಚಿಹೋಗುತ್ತದೆ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿತ್ತು ಅಂತ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಾ? ಸರ್ಕಾರ ಪರೀಕ್ಷೆ ಮಾಡಿಸಿದಾಗ ನೀರಿನಲ್ಲಿದ್ದದ್ದು ಇದೇ ಪಾಚಿಯ ಬೀಜಕಣ ಅಂತ ವರದಿ ಬಂತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಂತ ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಕೈ ಹಾಕಬೇಡಿ. ಒಂದು ಕಡ್ಡಿ ಅದ್ದಿ ಎತ್ತಿ. ಎಳೆ ನೇತಾಡಿದರೆ ನಮ್ಮ ತೊಟ್ಟಿಯ ಥರದ್ದು. ಕಡ್ಡಿಗೆ ಬಣ್ಣ ಬಳಿದ ಹಾಗೆ ಬಂದರೆ ಅದು ಮೈಕ್ರೋಸಿಸ್ಟಿಸ್‌ನಂಥ ನೀಲಿಹಸಿರು ಜಾತಿ ಇರಬಹುದು. ಕೆಲವಕ್ಕೆ ಲಿವರ್ ಕೆಡಿಸುವ ವಿಷ ಇರುತ್ತದೆ, ಕುಡಿದ ದನ ಸಾಯುವುದೂ ಉಂಟು. ಫೋಲ್ಡ್‌ಸ್ಕೋಪಿನಲ್ಲಿ ನೋಡಿದರೆ ಅದು ರವೆ ಉದುರಿಸಿದ ಹಾಗೆ ಗುಂಪು ಗುಂಪಾಗಿ ಕಾಣುತ್ತದೆ. ವಿಷ ಇದೆಯೋ ಇಲ್ಲವೋ ಅಂತ ಈ ಉಪಕರಣ ಹೇಳುವುದಿಲ್ಲ. ಅನುಮಾನ ಬಂದರೆ ದನ ಕಟ್ಟಿಹಾಕಿ, ಪಶುವೈದ್ಯರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಯಾಟಮ್ ಅನ್ನುವ ಒಂಟಿ ಕಣದ ಪಾಚಿ. ತುಂಗಾ ನದಿಯಲ್ಲಿ ನೀರು ಇಳಿದಾಗ ಕಲ್ಲಿನ ಮೇಲೆ ಕಂದು ಲೋಳೆ ಇರುತ್ತದಲ್ಲ, ಕಾಲಿಟ್ಟರೆ ಜಾರುವುದು, ಅದರ ತುಂಬ ಇವೇ. ಹಳೆ ಟೂತ್‌ಬ್ರಷ್‌ನಿಂದ ಕಲ್ಲು ಉಜ್ಜಿ, ಬ್ರಷ್ಷನ್ನು ಬಾಟಲಿ ನೀರಿನಲ್ಲಿ ಜಾಲಾಡಿದರೆ ಸಾಕು. ವಿಜ್ಞಾನಿಗಳೂ ಹೀಗೇ ಸಂಗ್ರಹ ಮಾಡುತ್ತಾರೆ. ಬಂಗಾರದ ಬಣ್ಣದ ಪುಟ್ಟ ಪುಟ್ಟ ದೋಣಿಗಳು, ಹುಟ್ಟು ಹಾಕುವವರಿಲ್ಲದೆ ಸರಸರ ಚಲಿಸುತ್ತವೆ. ಇವಕ್ಕೆ ಗಾಜಿನ ಮೈ. ಮರಳಿನಲ್ಲಿರುವ ಸಿಲಿಕಾದಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತವೆ. ಚಿಪ್ಪಿನ ಮೇಲೆ ಜಾಲಂದ್ರದಂಥ ಕೆತ್ತನೆ ಇರುತ್ತದೆ. ಅದು ಫೋಲ್ಡ್‌ಸ್ಕೋಪಿಗೆ ಸಿಗುವುದಿಲ್ಲ, ಅದರ ಅಳವಿಗಿಂತ ಸಣ್ಣದು. ಕೆತ್ತನೆ ನೋಡಬೇಕು ಅಂತಿರುವವರು ಕಾಲೇಜಿನ ದೊಡ್ಡ ಸೂಕ್ಷ್ಮದರ್ಶಕಕ್ಕೇ ಹೋಗಬೇಕು. ಆದರೆ ದೊಡ್ಡ ಜಾತಿಯ ಡಯಾಟಮ್‌ಗಳ ಒಳಗೆ ಮಿನುಗುವ ಎರಡು ಮೂರು ಹನಿ ಮಾತ್ರ ಫೋನಿನಲ್ಲೂ ಕಂಡವು. ಪರಿಚಯದ ಸಸ್ಯಶಾಸ್ತ್ರದ ಮೇಡಂ ಒಬ್ಬರು ನೋಡಿ, "ಅದು ಎಣ್ಣೆ ಹನಿ. ಬಿಸಿಲನ್ನ ಎಣ್ಣೆ ಮಾಡಿ ಕೂಡಿಟ್ಟುಕೊಳ್ತಾವೆ" ಅಂದರು.

ಪಾಚಿಯಿಂದ ಡೀಸೆಲ್ ಅನ್ನುವ ಮಾತು ಪೇಪರಿನಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಆ ಹನಿಯನ್ನು ಕಣ್ಣಾರೆ ಕಂಡ ಮೇಲೆ ಆ ಮಾತಿನ ತೂಕ ನನಗೆ ಗೊತ್ತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಜೊತೆಗಾರರು 2009ರಲ್ಲೇ ಡಯಾಟಮ್ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ. ಎಣ್ಣೆಗಾಗಿ ಪಾಚಿಯನ್ನು ಹಿಂಡಿ ಕೊಲ್ಲುವ ಬದಲು ಹಸುವಿನ ಹಾಲು ಕರೆದ ಹಾಗೆ ದಿನಾ ಕರೆದುಕೊಳ್ಳಬಹುದಾ ಅನ್ನುವುದು ಅವರ ಯೋಚನೆ. ಸೋಲಾರ್ ಹಲಗೆಯಂಥ ಹಲಗೆಯೊಳಗೆ ಡಯಾಟಮ್ ಇಟ್ಟು, ಅವು ಹೊರಗೆ ಬಿಟ್ಟ ಎಣ್ಣೆಯನ್ನು ಸಂಗ್ರಹಿಸುವುದು. ದನ ಕಟ್ಟಿದ ಮನೆಯವನಾದ ನನಗೆ ಈ ಯೋಚನೆ ತುಂಬ ಇಷ್ಟವಾಯಿತು. ಇದು ಕೈಗೂಡಲಿ ಅಂತ ಮನಸಾರೆ ಬಯಸುತ್ತೇನೆ.

ಕೈಗೂಡುವುದು ಯಾಕೆ ಕಷ್ಟ ಅಂತಲೂ ನಮ್ಮ ತೊಟ್ಟಿಯೇ ಕಲಿಸಿತು. ಹೋದ ಬೇಸಿಗೆಯಲ್ಲಿ ಪಾಚಿಯನ್ನೆಲ್ಲ ಎತ್ತಿ, ಹಿಂಡಿ, ತೂಗಿದೆ. ಎಂಟು ಕೆಜಿ. ಅಂಗಳದಲ್ಲಿ ಅಡಿಕೆ ಒಣಗಿಸಿದ ಹಾಗೆ ಒಣಗಿಸಿದ ಮೇಲೆ ಉಳಿದದ್ದು 640 ಗ್ರಾಂ. ಮಿಕ್ಕಿದ್ದೆಲ್ಲ ನೀರು. ಅದೂ ಕೋಲಿಗೆ ಸುತ್ತಿಕೊಳ್ಳುವ ಎಳೆ ಪಾಚಿ. ಎಣ್ಣೆ ಕೊಡುವ ಜಾತಿಗಳು ಬಹುಪಾಲು ಒಂಟಿ ಕಣ, ನೀರಿನಲ್ಲಿ ಬೆರೆತೇ ಇರುತ್ತವೆ. ತೆರೆದ ಕೊಳದಲ್ಲಿ ಬೆಳೆದರೆ ಒಂದು ಲೀಟರಿಗೆ ಸುಮಾರು ಅರ್ಧ ಗ್ರಾಂ ಒಣ ಪಾಚಿ ಸಿಗುತ್ತದೆ. ಒಂದು ಕೆಜಿ ಬೇಕಾದರೆ 2000 ಲೀಟರ್ ನೀರು ಸೋಸಬೇಕು, ಆಮೇಲೆ ಒಣಗಿಸಬೇಕು, ಆಮೇಲೆ ಎಣ್ಣೆ ತೆಗೆಯಬೇಕು. ಇದಕ್ಕೆಲ್ಲ ಕರೆಂಟು ಬೇಕಲ್ವಾ? ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಈ ಕೆಲಸಕ್ಕೇ ಅಂತ ಒಂದು ಯೋಜನೆ ನಡೆಸಿತು. 3000ಕ್ಕೂ ಹೆಚ್ಚು ಬಗೆಯ ಪಾಚಿ ಸಂಗ್ರಹಿಸಿದರು, ನ್ಯೂ ಮೆಕ್ಸಿಕೋದಲ್ಲಿ ಕೊಳ ತೋಡಿ ಬೆಳೆಸಿದರು. ಪೆಟ್ರೋಲಿಯಂ ಬೆಲೆಯ ಮುಂದೆ ಪಾಚಿ ಎಣ್ಣೆ ಬಹಳ ದುಬಾರಿ ಅನ್ನುವಲ್ಲಿಗೇ ಅದು ನಿಂತಿತು.

ಹಾಗಂತ ಬೇಜಾರಾಗಬೇಕಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2013ರಲ್ಲಿ ಒಂದು ಮನೆ ಕಟ್ಟಿದ್ದಾರೆ. ಅದರ ಹೊರಗೋಡೆಗೆ ಪಾಚಿ ನೀರು ತುಂಬಿದ 129 ಗಾಜಿನ ಹಲಗೆ. ಬಿಸಿಲಿನ ಶಾಖವೂ ಸಿಗುತ್ತದೆ, ಪಾಚಿಯೂ ಬೆಳೆಯುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ್ದು ಇನ್ನೂ ಸೊಗಸು. ಸಣ್ಣ ಬ್ಯಾಟರಿ ಸೆಲ್ಲಿನಷ್ಟು ದೊಡ್ಡ ಡಬ್ಬಿಯಲ್ಲಿ ನೀಲಿಹಸಿರು ಪಾಚಿ ಇಟ್ಟು, ಅದರಿಂದ ಬಂದ ವಿದ್ಯುತ್ತಿನಲ್ಲಿ ಒಂದು ಕಂಪ್ಯೂಟರ್ ಚಿಪ್ಪನ್ನು ಆರು ತಿಂಗಳಿಗೂ ಜಾಸ್ತಿ ಓಡಿಸಿದರು. ಕತ್ತಲಲ್ಲೂ ಓಡಿತು.

ನಮ್ಮನೆ ಮಟ್ಟಿಗೆ, ಸ್ಪೈರೋಗೈರಾ ಕೂಡಿಡುವುದು ಹೆಚ್ಚಾಗಿ ಪಿಷ್ಟವನ್ನು. ಅನ್ನದಲ್ಲಿ ಇರುವಂಥದ್ದೇ. ಮಗಳು ಶಾಲೆಯಿಂದ ಎರಡು ಹನಿ ಅಯೋಡಿನ್ ತಂದಿದ್ದಳು. ಹಾಕಿ ನೋಡಿದರೆ ರಿಬ್ಬನ್ ಮೇಲಿನ ಚುಕ್ಕಿಗಳೆಲ್ಲ ಕಪ್ಪುನೀಲಿಯಾದವು. ಎಣ್ಣೆಗೆ ಇದು ಬೇಡ, ಗೋಬರ್ ಗ್ಯಾಸಿಗೆ ಆಗುತ್ತದೆ. ಕತ್ತಿಯಲ್ಲಿ ಕೊಚ್ಚಿ, ಸಗಣಿ ಜೊತೆ ಸ್ವಲ್ಪ ಸ್ವಲ್ಪವೇ ಕಲಸಿ ಗುಂಡಿಗೆ ಬಿಡುತ್ತೇವೆ. ಕೊಚ್ಚದೆ ಹಾಕಿದರೆ ಉದ್ದ ಎಳೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಪ್ಪಯ್ಯ ಈಗ ಅಡಿಕೆ ಬುಡಕ್ಕೆ ಅರ್ಧ, ಗುಂಡಿಗೆ ಅರ್ಧ ಅಂತ ಪಾಲು ಮಾಡಿದ್ದಾರೆ.

ಕೊಳ್ಳಬೇಕಾ ಅಂತ ಕೇಳುವವರಿಗೆ: ಬ್ಯಾಕ್ಟೀರಿಯಾ ನೋಡಬೇಕು, ರೋಗ ಪತ್ತೆ ಮಾಡಬೇಕು ಅಂತ ಇದ್ದರೆ ಬೇಡ. ಚಿತ್ರ ಮಾರಿ ದುಡ್ಡು ಮಾಡುವ ಫೋಟೋಗ್ರಾಫರಿಗೂ ಇದು ಸಾಲದು. ಮೊದಲ ವಾರ ಫೋಕಸ್ ಸಿಗದೆ ಸಿಟ್ಟು ಬರುತ್ತದೆ, ಸುಮ್ನೆ ಮೂಲೆಗೆ ಇಡಬೇಡಿ. ಅಯಸ್ಕಾಂತದ ಬಿಲ್ಲೆಗೆ ದಾರ ಕಟ್ಟಿ ಇಟ್ಟುಕೊಳ್ಳಿ, ನಾನೊಂದನ್ನು ಹೊಳೆಯಲ್ಲಿ ಬೀಳಿಸಿಕೊಂಡೆ. ಗುಂಡು ಲೆನ್ಸಿನ ಮೇಲೆ ಬೆರಳು ಬಿದ್ದರೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಮನೆ ಹತ್ತಿರ ಕೆರೆ, ಬಾವಿ, ತೊಟ್ಟಿ, ಗದ್ದೆ ಏನಾದರೂ ಒಂದು ಇದ್ದು, ಅದರಲ್ಲಿ ಏನಿದೆ ಅಂತ ನೋಡುವ ಆಸೆ ಇದ್ದರೆ, ಮನೆಯಲ್ಲಿ ಮಕ್ಕಳಿದ್ದರಂತೂ, ಯೋಚನೆ ಮಾಡದೆ ತರಿಸಿ. ಎರಡು ಮಳೆಗಾಲ ಜೇಬಿನಲ್ಲಿ, ಬೈಕಿನ ಬ್ಯಾಗಿನಲ್ಲಿ ಓಡಾಡಿದರೂ ನನ್ನದು ಇನ್ನೂ ಗಟ್ಟಿಯಾಗಿದೆ. ಮಡಿಕೆಯ ಒಂದು ಕಡೆ ಮಾತ್ರ ಸ್ವಲ್ಪ ಸಡಿಲ, ಅಲ್ಲಿಗೆ ಟೇಪು ಹಾಕಿದ್ದೇನೆ.

ನಿನ್ನೆ ಮಧ್ಯಾಹ್ನ ತೊಟ್ಟಿಯಲ್ಲಿ ಪಾಚಿ ಮೇಲೆದ್ದು ತೇಲುತ್ತಿತ್ತು. ಬಿಸಿಲಿಗೆ ಅದು ಬಿಟ್ಟ ಆಮ್ಲಜನಕದ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿ ಎತ್ತುತ್ತವೆ, ರಾತ್ರಿ ಮತ್ತೆ ಕೆಳಗಿಳಿಯುತ್ತದೆ. ಆ ಗುಳ್ಳೆ ಎಳೆಯಿಂದ ಬಿಡುವ ಗಳಿಗೆಯ ವಿಡಿಯೋ ಬೇಕು ಅಂತ ಮಗಳ ಹಠ. ಭಾನುವಾರ ಹನ್ನೆರಡು ಗಂಟೆಗೆ, ಬಿಸಿಲು ನೆತ್ತಿ ಮೇಲೆ ಬಂದಾಗ, ಇಬ್ಬರೂ ತೊಟ್ಟಿ ಕಟ್ಟೆ ಮೇಲೆ ಕೂರುವುದು ಅಂತ ಆಗಿದೆ.